ಬೇಡ ಅಂತಾದರೂ ಬರೆದುಕೊಡಿ

ಒಂದು ಜಿಲ್ಲಾ ಕೇಂದ್ರದಲ್ಲಿ ಜನತಾ ದರ್ಶನ. ಮಂತ್ರಿಗಳು ಬರ್ತಾರೆ ಅಂತ ಬೆಳಗ್ಗೆ ಎಂಟಕ್ಕೇ ಶಾಮಿಯಾನದ ಕೆಳಗೆ ಜನ ಸಾಲುಗಟ್ಟಿದ್ದರು. ನಮ್ಮ ಚಾನೆಲ್ಲಿನ ಲೈವ್ ಇತ್ತು, ಅದಕ್ಕೆ ನಾನೂ ಹೋಗಿದ್ದೆ. ವ್ಯಾನ್ ಪಕ್ಕದಲ್ಲಿ ಟೀ ಕುಡೀತಾ ನಿಂತಿದ್ದಾಗ ಒಬ್ಬ ಯಜಮಾನರು ಬಂದರು. ಅರವತ್ತು ದಾಟಿದ ವಯಸ್ಸು. ಹೆಗಲ ಮೇಲೆ ಟವೆಲ್, ಕಂಕುಳಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್.

"ಸಾರ್, ನಿಮ್ಮನ್ನ ಟೀವೀಲಿ ದಿನಾ ನೋಡ್ತೀನಿ. ನಮ್ದೊಂದು ಅರ್ಜಿ ಇದೆ. ನೀವೇ ತಗೊಳ್ಳಿ. ಅವರಿಗೆ ಕೊಟ್ಟೂ ಕೊಟ್ಟೂ ಸಾಕಾಯ್ತು" ಅಂದರು.

ಕವರ್ ಬಿಚ್ಚಿದರೆ ಒಳಗೆ ಒಂದೇ ಅರ್ಜಿಯ ಜೆರಾಕ್ಸ್ ಪ್ರತಿಗಳು. ಅವರ ತಂದೆ ತೀರಿಕೊಂಡು ಆರು ವರ್ಷ. ಎರಡು ಎಕರೆ ಹತ್ತು ಗುಂಟೆ ಜಮೀನು ಇನ್ನೂ ತಂದೆಯ ಹೆಸರಲ್ಲೇ ಇದೆ. ಪೌತಿ ಖಾತೆ ಆಗಿಲ್ಲ. ಉಳುವವರು ಇವರು, ಬಿತ್ತುವವರು ಇವರು, ಆದರೆ ಪಹಣಿಯಲ್ಲಿ ಇರುವ ಹೆಸರು ಸತ್ತವರದ್ದು. ಬ್ಯಾಂಕಿನವರು ಬೆಳೆಸಾಲ ಕೊಡಲ್ಲ. ಬೆಳೆ ಒಣಗಿದ ವರ್ಷ ಪರಿಹಾರದ ದುಡ್ಡೂ ಬರಲಿಲ್ಲ.

"ಇದುವರೆಗೆ ಎಷ್ಟು ಸಲ ಕೊಟ್ಟಿದೀರಿ ಯಜಮಾನ್ರೇ?"

"ಹದಿನಾಲ್ಕು ಸಲ ಸಾರ್. ನಾಲ್ಕು ವರ್ಷದಿಂದ."

"ಸ್ವೀಕೃತಿ ಎಲ್ಲಿ?"

ಅವರಿಗೆ ಅರ್ಥ ಆಗಲಿಲ್ಲ. ಕೊಟ್ಟಿದ್ದಕ್ಕೆ ಸೀಲು, ಸಹಿ, ನಂಬರು ಏನಾದರೂ ಹಾಕಿಕೊಟ್ಟಿದ್ದಾರಾ ಅಂತ ಬಿಡಿಸಿ ಕೇಳಿದೆ. "ಇಲ್ಲ ಸಾರ್, ಕೈಗೇ ಕೊಟ್ಟಿದೀನಿ. ಸಾಹೇಬ್ರ ಕೈಗೆ, ಎಮ್ಮೆಲ್ಲೆ ಪಿಎ ಕೈಗೆ, ಒಂದ್ಸಲ ಮಂತ್ರಿಗಳು ಕಾರು ಹತ್ತೋವಾಗ ಅವರ ಕೈಗೇ ಕೊಟ್ಟೆ. ಅವರು ಕೈಮುಗಿದು ಇಸ್ಕೊಂಡ್ರು." ಇದನ್ನ ಹೇಳುವಾಗ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಹದಿನಾಲ್ಕು ಅರ್ಜಿ, ನಾಲ್ಕು ವರ್ಷ. ಆದರೆ ಸರ್ಕಾರದ ಲೆಕ್ಕದಲ್ಲಿ ಈ ಮನುಷ್ಯ ಇವತ್ತಿನವರೆಗೆ ಏನನ್ನೂ ಕೇಳಿಯೇ ಇಲ್ಲ! ಯಾಕಂದ್ರೆ ಆ ಹದಿನಾಲ್ಕರಲ್ಲಿ ಒಂದೂ ಯಾವ ರಿಜಿಸ್ಟರಿಗೂ ಹತ್ತಿಲ್ಲ. ಅವತ್ತು ರಾತ್ರಿ ಕಾರ್ಯಕ್ರಮದಲ್ಲಿ ನಾನು ಹೇಳಬೇಕಿದ್ದ ಮಾತು ಇದು. ಹೇಳಲಿಲ್ಲ, ಬೇರೆ ಏನೇನೋ ಹೇಳಿದೆ. ಈಗ ಬರೀತಿದ್ದೇನೆ.

ಅರ್ಜಿ ಅಂದ್ರೆ ಏನು? ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಪದ ಇವೆ ನೋಡಿ. ಬಿನ್ನಹ, ಮನವಿ, ಅರ್ಜಿ, ಅಹವಾಲು, ಫಿರ್ಯಾದು, ತಕರಾರು. ಬಿನ್ನಹ ಹಳೆಯದು, ವಿಜ್ಞಾಪನೆಯಿಂದ ಬಂದದ್ದು. ಶರಣರೂ ದಾಸರೂ ದೇವರ ಮುಂದೆ ಮಾಡಿದ್ದು ಬಿನ್ನಹ. ಅರ್ಜಿ, ಅಹವಾಲು, ಫಿರ್ಯಾದು ಇವೆಲ್ಲ ಅರಬ್ಬಿ, ಪಾರ್ಸಿ ಕಡೆಯಿಂದ ಕಚೇರಿಯ ಬಾಗಿಲಲ್ಲಿ ಒಳಗೆ ಬಂದವು. ಅಹವಾಲು ಅಂದರೆ ಸ್ಥಿತಿಗತಿ. ಹಾಲ್ ಅನ್ನುವ ಪದದ ಬಹುವಚನ ಅದು. ಫಿರ್ಯಾದು ಅಂದರೆ ಮೊರೆ, ಕೂಗು. ಇನ್ನು ಅರ್ಜಿಯನ್ನ ಬರೀ ಕೊಡೋದಲ್ಲ, ಗುಜರಾಯಿಸೋದು ಅಂತ ನಮ್ಮ ಹಿರಿಯರು ಅಂತಿದ್ದರು. ಮುಂದಕ್ಕೆ ದಾಟಿಸೋದು, ಹಾಜರುಪಡಿಸೋದು ಅಂತ ಅರ್ಥ. ದೇವರಿಗೆ ಮಾಡಿದ ಬಿನ್ನಹಕ್ಕೆ ಸ್ವೀಕೃತಿ ಕೇಳೋಕಾಗಲ್ಲ, ಸರಿ. ಆದರೆ ತಾಲ್ಲೂಕು ಕಚೇರಿಯಲ್ಲಿ ಕೂತವರು ದೇವರಲ್ವಲ್ಲ? ನಮ್ಮ ಜನ ಬಿನ್ನಹದ ಮನಸ್ಸು ಇಟ್ಟುಕೊಂಡು ಅರ್ಜಿ ಕೊಡ್ತಾರೆ. ಅಲ್ಲೇ ಎಡವಟ್ಟಾಗೋದು. "ದರ್ಶನ" ಅನ್ನುವ ಪದವೇ ಆ ಮನಸ್ಸಿಗೆ ತಕ್ಕ ಹಾಗಿದೆ.

ಇದು ಇವತ್ತಿನ ಅಭ್ಯಾಸವಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ದಸರಾ ಸಮಯದಲ್ಲಿ ತಾಲ್ಲೂಕು ತಾಲ್ಲೂಕಿನಿಂದ ಜಮೀನುದಾರರು, ವರ್ತಕರು ಬಂದು ಸೇರುತ್ತಿದ್ದರು. ಮೊದಲ ಸಭೆಗೆ ಬಂದವರು 144 ಜನ. ಅವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಬಜೆಟ್ ತಡೆಯುವ ಅಧಿಕಾರ ಇರಲಿಲ್ಲ. ಇದ್ದದ್ದು ಒಂದೇ: ಸರ್ಕಾರ ಏನು ಮಾಡಿದೆ ಅಂತ ದಿವಾನರು ಹೇಳಿದ್ದನ್ನ ಕೇಳೋದು, ನಮ್ಮೂರಿನ ಕಷ್ಟ ಇದು ಅಂತ ಅಹವಾಲು ಸಲ್ಲಿಸೋದು. ಬರೀ ಅಹವಾಲು ಅಷ್ಟೇ ತಾನೇ ಅನ್ನಬಹುದು. ಆದರೆ ಎಲ್ಲರ ಮುಂದೆ, ಹೆಸರು ಹೇಳಿ, ದಾಖಲಾಗುವ ಹಾಗೆ ಕೇಳಿದ್ದು ಅದು. ಕೇಳಿದ್ದು ಬರವಣಿಗೆಗೆ ಇಳಿದ ಮೇಲೆ ಸರ್ಕಾರ ಏನಾದರೊಂದು ಹೇಳಲೇಬೇಕಾಗುತ್ತೆ. ಆ ಸಭೆ 1923ರಲ್ಲಿ ಶಾಸನಬದ್ಧ ಆಯ್ತು. ಅದರ ಬುಡದಲ್ಲಿ ಇದ್ದದ್ದು ಅರ್ಜಿಯೇ.

ಅರ್ಜಿ ಕೊಡೋದೇ ಅಪರಾಧ ಆಗಿದ್ದ ಕಾಲವೂ ಇತ್ತು. ಇಂಗ್ಲೆಂಡಿನಲ್ಲಿ 1688ರಲ್ಲಿ ಏಳು ಜನ ಬಿಷಪ್ಪರು ರಾಜ ಎರಡನೇ ಜೇಮ್ಸನಿಗೆ ಒಂದು ಅರ್ಜಿ ಕೊಟ್ಟರು. ನಿಮ್ಮ ಘೋಷಣೆಯನ್ನ ನಮ್ಮ ಚರ್ಚುಗಳಲ್ಲಿ ಓದಿಸುವುದು ಆಗಲ್ಲ, ಕ್ಷಮಿಸಬೇಕು ಅಂತ. ರಾಜ ಅವರನ್ನ ಲಂಡನ್ ಟವರ್‌ನಲ್ಲಿ ಕೂಡಿಹಾಕಿಸಿ ರಾಜದ್ರೋಹದ ಬರಹ ಅಂತ ಕೇಸು ಹಾಕಿಸಿದ. ಜ್ಯೂರಿ ಅವರನ್ನ ಬಿಡುಗಡೆ ಮಾಡಿತು. ಅದೇ ವರ್ಷ ರಾಜನೇ ದೇಶ ಬಿಟ್ಟು ಓಡಿಹೋದ. ಮರುವರ್ಷ, 1689ರಲ್ಲಿ, ರಾಜನಿಗೆ ಅರ್ಜಿ ಸಲ್ಲಿಸುವುದು ಪ್ರಜೆಯ ಹಕ್ಕು, ಅದಕ್ಕಾಗಿ ಯಾರನ್ನೂ ಜೈಲಿಗೆ ಹಾಕುವ ಹಾಗಿಲ್ಲ ಅಂತ ಕಾನೂನಾಯ್ತು. ಹಾಗಾಗಿ ಮುಂದಿನ ಸಲ ಯಾರಾದರೂ ಗುಮಾಸ್ತರು "ನಮ್ಮ ಮೇಲೇ ಅರ್ಜಿ ಹಾಕ್ತೀಯೇನಯ್ಯಾ" ಅಂದರೆ, ಈ ಪ್ರಶ್ನೆ 1689ರಲ್ಲೇ ಇತ್ಯರ್ಥ ಆಗಿದೆ ಸ್ವಾಮಿ ಅಂತ ಹೇಳಬಹುದು. ಅವರಿಗೆ ಅರ್ಥವಾಗುತ್ತೋ ಇಲ್ಲವೋ ಬೇರೆ ಮಾತು.

ನಮ್ಮ ಸಂವಿಧಾನದಲ್ಲಿ 350ನೇ ವಿಧಿ ಅಂತ ಒಂದಿದೆ. ಹೆಚ್ಚು ಜನ ಅದರ ಹೆಸರು ಎತ್ತಲ್ಲ. ಕುಂದುಕೊರತೆ ಪರಿಹಾರಕ್ಕಾಗಿ ಯಾವುದೇ ಅಧಿಕಾರಿಗೆ ಮನವಿ ಸಲ್ಲಿಸುವಾಗ, ಕೇಂದ್ರದ ಅಧಿಕಾರಿಯಾದರೆ ಕೇಂದ್ರದಲ್ಲಿ ಬಳಕೆಯಲ್ಲಿರುವ, ರಾಜ್ಯದ ಅಧಿಕಾರಿಯಾದರೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಅನ್ನುತ್ತೆ ಅದು. ಇಂಗ್ಲಿಷಲ್ಲಿ ಬರೆಸ್ಕೊಂಡು ಬಾ ಅಂತ ನಿಮ್ಮನ್ನ ವಾಪಸ್ ಕಳಿಸುವ ಅಧಿಕಾರ ಯಾರಿಗೂ ಇಲ್ಲ. ಕಾಗದ ಚೆನ್ನಾಗಿರಬೇಕು, ಟೈಪ್ ಮಾಡಿಸಿರಬೇಕು ಅಂತಲೂ ಇಲ್ಲ. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಅನ್ನುವ ಕೈದಿ, ಇನ್ನೊಬ್ಬ ಕೈದಿಗೆ ಜೈಲು ವಾರ್ಡರ್ ಹಿಂಸೆ ಕೊಟ್ಟ ಅಂತ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದ. ಕೋರ್ಟು ಆ ಕಾಗದವನ್ನೇ ಅರ್ಜಿ ಅಂತ ತೆಗೆದುಕೊಂಡಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಕಾಲ ಅದು, 1979.

ಹಾಗಾದರೆ ಹಕ್ಕು ಇದೆ, ಭಾಷೆ ಇದೆ. ಎಲ್ಲಿ ಕೆಡುತ್ತೆ? ಇಲ್ಲಿ ನಮ್ಮ ಮನೆಯ ಕಥೆ ಒಂದು ಹೇಳಬೇಕು.

ನಮ್ಮಪ್ಪ ಸರ್ಕಾರಿ ಪ್ರೈಮರಿ ಶಾಲೆ ಮೇಷ್ಟ್ರು. ಮುತ್ತಿನಂಥ ಅಕ್ಷರ. ಊರಿನವರ ಅರ್ಧ ಅರ್ಜಿ ನಮ್ಮನೆ ಜಗಲಿ ಮೇಲೇ ತಯಾರಾಗ್ತಿತ್ತು. ಹೀಗಿರುವಾಗ ಅವರಿಗಿಂತ ಜೂನಿಯರ್ ಆದ ಇಬ್ಬರಿಗೆ ಮುಖ್ಯೋಪಾಧ್ಯಾಯರ ಬಡ್ತಿ ಬಂತು, ಇವರಿಗೆ ಬರಲಿಲ್ಲ. ಜ್ಯೇಷ್ಠತಾ ಪಟ್ಟಿಯಲ್ಲಿ ಸೇವೆಗೆ ಸೇರಿದ ದಿನಾಂಕ ತಪ್ಪಾಗಿ ಬಿದ್ದಿತ್ತು. ಅಪ್ಪ ಮನವಿ ಬರೆದರು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯ ಪ್ರಾರ್ಥನೆ" ಅಂತ ಶುರುಮಾಡಿ ಎರಡು ಪುಟ. ಉತ್ತರ ಬರಲಿಲ್ಲ. ವರ್ಷ ಕಳೆದ ಮೇಲೆ ನೆನಪೋಲೆ ಬರೆದರು. ಮತ್ತೆ ಇನ್ನೊಂದು. ಹೀಗೆ ಒಟ್ಟು ಒಂಬತ್ತು. ಪ್ರತಿಯೊಂದರ ಕೈಬರಹದ ನಕಲು ಟ್ರಂಕಿನಲ್ಲಿ ಇತ್ತು.

ಕೊನೆಗೆ ಒಬ್ಬ ವಕೀಲರ ಹತ್ತಿರ ಹೋದಾಗ ಅವರು ಕಾಗದಗಳನ್ನೆಲ್ಲ ತಿರುವಿ ನೋಡಿ ಹೇಳಿದ ಮಾತು ನನಗಿನ್ನೂ ನೆನಪಿದೆ: "ಮೇಷ್ಟ್ರೇ, ಇದರಲ್ಲಿ ಮೊದಲನೇದು ಮಾತ್ರ ಅರ್ಜಿ. ಮಿಕ್ಕ ಎಂಟು ಬರೀ ಕಾಗದ."

ವಿಷಯ ಏನಂದ್ರೆ, ಸರ್ಕಾರಿ ನೌಕರರ ಸೇವಾ ವ್ಯಾಜ್ಯಕ್ಕೆ ಆಡಳಿತಾತ್ಮಕ ನ್ಯಾಯಮಂಡಳಿ ಇದೆ. 1985ರ ಕಾಯ್ದೆ. ನೀವು ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬರಲಿಲ್ಲ ಅಂದರೆ, ಅಲ್ಲಿಂದ ಒಂದು ವರ್ಷದ ಒಳಗೆ ನ್ಯಾಯಮಂಡಳಿಗೆ ಹೋಗಬೇಕು. ಅದು ಕಳೆದರೆ ಬಾಗಿಲು ಮುಚ್ಚಿದ ಹಾಗೆ. ತಡವಾಗಿದ್ದಕ್ಕೆ ಗಟ್ಟಿ ಕಾರಣ ತೋರಿಸಿದರೆ ಮಾತ್ರ ಉಂಟು. ಮತ್ತೆ ಮತ್ತೆ ಮನವಿ ಕೊಡ್ತಾ ಹೋದರೆ ಗಡುವು ಬೆಳೀತಾ ಹೋಗಲ್ಲ. 1989ರಲ್ಲಿ ರಾಥೋರ್ ಅನ್ನುವವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿಬಿಟ್ಟಿದೆ. 2008ರಲ್ಲಿ ತಮಿಳುನಾಡಿನ ಇನ್ನೊಂದು ಪ್ರಕರಣ. 1982ರಲ್ಲಿ ಕೆಲಸ ಕಳೆದುಕೊಂಡವರೊಬ್ಬರು 2000ದಲ್ಲಿ, ಅಂದರೆ ಹದಿನೆಂಟು ವರ್ಷದ ಮೇಲೆ, ಮನವಿ ಕೊಟ್ಟಿದ್ದರು. "ಮನವಿ ಪರಿಶೀಲಿಸಿ" ಅಂತ ಒಂದು ಆದೇಶ ತಂದ ಮಾತ್ರಕ್ಕೆ ಸತ್ತ ಹಕ್ಕು ಬದುಕಲ್ಲ ಅಂತ ಕೋರ್ಟು ಹೇಳಿತು. ಕಠಿಣವೇ. ಆದರೆ ಕಾನೂನು ಹಾಗಿದೆ, ಅದು ಸಾಮಾನ್ಯ ಮನುಷ್ಯನಿಗೆ ಗೊತ್ತಿಲ್ಲ. ಕಚೇರಿಯಲ್ಲಿ ಕೂತವರಿಗೆ ಮಾತ್ರ ಚೆನ್ನಾಗಿ ಗೊತ್ತಿದೆ. ಅವರು ಇಲ್ಲ ಅನ್ನಲ್ಲ. ಸುಮ್ಮನಿರ್ತಾರೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪ ಅಂದರು: "ಉತ್ತರ ಬರಲಿ ಅಂತ ಕಾಯ್ತಿದ್ದೆ ಕಣೋ. ಮೇಲಿನವರು ಉತ್ತರ ಕೊಡೋಕ್ ಮುಂಚೆ ಕೋರ್ಟಿಗೆ ಹೋಗೋದು ಮರ್ಯಾದೆ ಅಲ್ಲ ಅಂದ್ಕೊಂಡಿದ್ದೆ." ಸಹಶಿಕ್ಷಕರಾಗಿಯೇ ನಿವೃತ್ತರಾದರು.

ಅದಕ್ಕೇ ಈ ಮಾತಿಗೆ ನಾನು ಇಷ್ಟು ಒತ್ತು ಕೊಡ್ತಿರೋದು. ಅರ್ಜಿ ಕೊಟ್ಟರೆ ಕೆಲಸ ಆಗೇ ಆಗುತ್ತೆ ಅಂತ ಯಾರೂ ಭರವಸೆ ಕೊಡೋಕಾಗಲ್ಲ. ನೀವು ಕೇಳಿದ್ದು ಕೊಡಲು ಬಾರದ್ದೇ ಇರಬಹುದು. ಆದರೆ ಉತ್ತರ ಬರಬೇಕು, ಬರವಣಿಗೆಯಲ್ಲಿ ಬರಬೇಕು. ನಮ್ಮ ಕಚೇರಿಗಳಲ್ಲಿ ಅದಕ್ಕೆ ಒಳ್ಳೆಯ ಪದ ಇದೆ, ಹಿಂಬರಹ. ನಿಮ್ಮ ಅರ್ಜಿ ಇಂಥ ಕಾರಣಕ್ಕೆ ಮಾನ್ಯ ಮಾಡಲು ಬರುವುದಿಲ್ಲ ಅಂತ ಹಿಂಬರಹ ಬಂದರೂ ನೀವು ಗೆದ್ದ ಹಾಗೇ. ಯಾಕೆ? ಕಾರಣ ಗೊತ್ತಾಯ್ತಲ್ಲ! ಕಾರಣ ತಪ್ಪಾಗಿದ್ದರೆ ಮೇಲ್ಮನವಿ. ಮ್ಯುಟೇಶನ್ ವಿಷಯದಲ್ಲಿ ಕೆಳಗಿನ ಅಧಿಕಾರಿ ಆದೇಶ ಮಾಡಿದರೆ ಉಪವಿಭಾಗಾಧಿಕಾರಿಗೆ 60 ದಿನದಲ್ಲಿ ಮೇಲ್ಮನವಿ ಹಾಕಬಹುದು. ಆದೇಶವೇ ಇಲ್ಲದಿದ್ದರೆ ಯಾವುದರ ಮೇಲೆ ಹಾಕ್ತೀರಿ? ಹೈಕೋರ್ಟಿಗೆ ರಿಟ್ ಹಾಕಿ ಅಧಿಕಾರಿಗೆ ಆದೇಶ ಕೊಡಿಸಿ ಅಂತ ಕೇಳಿದರೂ ಸಾಮಾನ್ಯವಾಗಿ ಮೊದಲ ಪ್ರಶ್ನೆ ಇದೇ: ನೀವು ಅವರನ್ನ ಕೇಳಿದ್ರಾ? ಅವರು ಇಲ್ಲ ಅಂದ್ರಾ? ತೋರಿಸೋಕೆ ಕಾಗದ ಬೇಕು.

ಈಗ ಅರ್ಜಿ ಬರೆಯೋದು. ನನ್ನ ಮೇಜಿನ ಮೇಲೆ ವೀಕ್ಷಕರು ಕಳಿಸಿದ ಅರ್ಜಿಗಳು ಯಾವಾಗಲೂ ಒಂದು ಕಟ್ಟು ಇರುತ್ತವೆ. ಓದಿದರೆ ಕಣ್ಣಲ್ಲಿ ನೀರು ಬರುತ್ತೆ. ಆದರೆ ಮೂರು ಪುಟ ಓದಿ ಮುಗಿಸಿದ ಮೇಲೂ ಇವರಿಗೆ ಏನು ಬೇಕು ಅನ್ನೋದು ಗೊತ್ತಾಗಲ್ಲ. "ನ್ಯಾಯ ಕೊಡಿಸಿ" ಅಂತ ಮುಗಿಸಿರ್ತಾರೆ. ನ್ಯಾಯ ಅಂದ್ರೆ ಯಾವುದು? ಗುಮಾಸ್ತರು ಯಾವ ರಿಜಿಸ್ಟರ್ ತೆಗೆಯಬೇಕು? ಸರ್ವೆ ನಂಬರ್ ಇಷ್ಟು, ವಿಸ್ತೀರ್ಣ ಇಷ್ಟು, ತಂದೆ ಇಂಥ ದಿನ ತೀರಿಕೊಂಡಿದ್ದಾರೆ, ಮರಣ ಪತ್ರ ಲಗತ್ತಿಸಿದೆ, ವಾರಸುದಾರರ ಹೆಸರಿಗೆ ಖಾತೆ ಮಾಡಿಕೊಡಿ. ಅರ್ಧ ಪುಟ ಸಾಕು. ಒಂದು ಅರ್ಜಿಗೆ ಒಂದೇ ವಿಷಯ. ಪಹಣಿಯ ಜೊತೆಗೆ ಊರಿನ ಚರಂಡಿ, ಪಕ್ಕದ ಮನೆಯವನ ಕುಡಿತ ಎಲ್ಲ ಸೇರಿಸಿದರೆ ಅದು ಯಾವ ಶಾಖೆಗೂ ಸೇರದೆ ಎಲ್ಲೋ ಮೂಲೆಗೆ ಬೀಳುತ್ತೆ.

ಇನ್ನೊಂದು ಚಾಳಿ ಇದೆ, ಮುಖ್ಯಮಂತ್ರಿ, ರಾಜ್ಯಪಾಲ, ಪ್ರಧಾನಿ, ರಾಷ್ಟ್ರಪತಿ ಎಲ್ಲರಿಗೂ ಪ್ರತಿ ಕಳಿಸೋದು. ತಪ್ಪೇನಿಲ್ಲ. ಆದರೆ ಅದು ಏನಾಗುತ್ತೆ ಗೊತ್ತಾ? ಅಲ್ಲಿಂದ "ನಿಯಮಾನುಸಾರ ಕ್ರಮಕ್ಕಾಗಿ" ಅಂತ ಜಿಲ್ಲಾಧಿಕಾರಿಗೆ, ಅವರಿಂದ ತಹಶೀಲ್ದಾರರಿಗೆ, ಅವರಿಂದ ಕಂದಾಯ ನಿರೀಕ್ಷಕರಿಗೆ, ಅವರಿಂದ ಗ್ರಾಮ ಆಡಳಿತಾಧಿಕಾರಿಗೆ ಇಳಿಯುತ್ತೆ. ನೀವು ಯಾರ ಮೇಲೆ ದೂರು ಕೊಟ್ಟಿದ್ದಿರೋ ಅವರ ಮೇಜಿಗೇ ಬಂದು ಕೂರುತ್ತೆ. ಅವರು ನಿಮ್ಮನ್ನ ಕರೆದು "ಏನ್ ಗೌಡ್ರೇ, ರಾಷ್ಟ್ರಪತಿಗೇ ಬರೆದುಬಿಟ್ರಾ" ಅಂತಾರೆ.

ಹಾಗಾಗಿ ಕೈಗೆ ಕೊಡಬೇಡಿ, ಕೌಂಟರಿಗೆ ಕೊಡಿ. ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ನಂಬರು ಹಾಕಿಸಿಕೊಳ್ಳಿ. ಸಕಾಲ ವ್ಯಾಪ್ತಿಯ ಸೇವೆ ಆದರೆ 15 ಅಂಕಿಯ ನಂಬರ್ ಕೊಡ್ತಾರೆ. 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳಿಂದ ರಾಜ್ಯದಾದ್ಯಂತ ಶುರುವಾದದ್ದು ಸಕಾಲ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ, ಅದೂ ತಡಮಾಡಿದ ಅಧಿಕಾರಿಯಿಂದಲೇ ವಸೂಲಿ. ಇಪ್ಪತ್ತು ರೂಪಾಯಿಗೆ ಈಗ ಏನು ಬರುತ್ತೆ ಅಂತ ನಗಬೇಡಿ. ಅಧಿಕಾರಿಗೆ ಚುಚ್ಚೋದು ದುಡ್ಡಲ್ಲ, ತಡ ಮಾಡಿದವರು ಇವರು ಅಂತ ದಾಖಲೆ ಆಗುತ್ತಲ್ಲ, ಅದು. ಮಾಹಿತಿ ಹಕ್ಕು ಕಾಯ್ದೆಯೂ ಹಾಗೇ. 10 ರೂಪಾಯಿ ಶುಲ್ಕ ಕಟ್ಟಿ, ಇಂಥ ದಿನಾಂಕದ, ಇಂಥ ನಂಬರಿನ ನನ್ನ ಅರ್ಜಿಯ ಮೇಲೆ ಆಗಿರುವ ಟಿಪ್ಪಣಿಗಳ ನಕಲು ಕೊಡಿ ಅಂತ ಕೇಳಿ. 30 ದಿನದಲ್ಲಿ ಹೇಳಬೇಕು. ನಂಬರೇ ಇಲ್ಲದಿದ್ದರೆ, ಅಂಥ ಅರ್ಜಿ ಈ ಕಚೇರಿಯಲ್ಲಿ ಸ್ವೀಕೃತವಾಗಿಲ್ಲ ಅಂತ ಉತ್ತರ ಬರುತ್ತೆ. ಅದು ಸುಳ್ಳೂ ಅಲ್ಲ!

ನಮ್ಮ ಟೀವಿಯವರ ಪಾಲನ್ನೂ ಹೇಳಿಬಿಡ್ತೀನಿ. ಅವತ್ತಿನ ಜನತಾ ದರ್ಶನದಲ್ಲಿ ಒಬ್ಬ ಹೆಣ್ಣುಮಗಳು ವಿಧವಾ ವೇತನ ನಿಂತುಹೋಗಿದೆ ಅಂತ ಅತ್ತರು. ಮಂತ್ರಿಗಳು ಅಧಿಕಾರಿಯನ್ನ ಕರೆದು "ನಾಳೆ ಸಂಜೆಯೊಳಗೆ ಆಗ್ಬೇಕು" ಅಂತ ಗದರಿದರು. ಜನ ಚಪ್ಪಾಳೆ ಹೊಡೆದರು. ನಾವು "ಸ್ಥಳದಲ್ಲೇ ಪರಿಹಾರ" ಅಂತ ಕೆಂಪು ಪಟ್ಟಿ ಓಡಿಸಿದೆವು. ನಾಳೆ ಸಂಜೆ ಏನಾಯ್ತು? ನಾವು ಹೋಗಿ ನೋಡಲಿಲ್ಲ. ನಮಗೆ ಬೇಕಿದ್ದದ್ದು ಗದರಿಕೆ, ಅದು ಸಿಕ್ಕಿತ್ತು. ಅವರ ಅರ್ಜಿಗೆ ನಂಬರ್ ಬಿತ್ತಾ ಅಂತ ಕೇಳೋಣ ಅನ್ನುವ ಯೋಚನೆ ನನಗೂ ಬರಲಿಲ್ಲ. ಬೇಸರದ ವಿಷಯ ಇನ್ನೊಂದಿದೆ: ಕೆಳಗಿನ ಕಚೇರಿಯಲ್ಲಿ ಆಗಬೇಕಾದ್ದು ಆಗಿದ್ದರೆ ಆ ತಾಯಿ ಕ್ಯಾಮೆರಾ ಮುಂದೆ ಅಳುವ ಪ್ರಮೇಯವೇ ಇರುತ್ತಿರಲಿಲ್ಲ.

ಯಜಮಾನರಿಗೆ ನಾನು ಮಾಡಿದ್ದು ಇಷ್ಟೇ. ಅರ್ಜಿ ಇಸ್ಕೊಳ್ಳಲಿಲ್ಲ. ನಾಡಕಚೇರಿ ಕೌಂಟರಿನಲ್ಲಿ ಕೊಟ್ಟು ಚೀಟಿ ತಗೊಳ್ಳಿ, ಆ ಚೀಟಿಯ ಫೋಟೊ ನನಗೆ ಕಳಿಸಿ ಅಂದೆ. ಅವರಿಗೆ ಬೇಸರ ಆಯ್ತು, ಇವನೂ ಇಷ್ಟೇ ಅಂದ್ಕೊಂಡಿರಬೇಕು. ಆದರೆ ನಾಲ್ಕನೇ ದಿನಕ್ಕೆ ಮೊಮ್ಮಗನ ಕೈಲಿ ವಾಟ್ಸಾಪಿನಲ್ಲಿ ಚೀಟಿ ಕಳಿಸಿದರು. ಕೆಲವು ವಾರ ಬಿಟ್ಟು ಫೋನ್ ಬಂತು.

"ಸಾರ್, ಹಿಂಬರಹ ಬಂತು! ಆಗಲ್ಲ ಅಂತ ಬರೆದಿದ್ದಾರೆ!" ದನಿಯಲ್ಲಿ ಉತ್ಸಾಹ.

ಓದಿಸಿ ಅಂದೆ. ಮೊಮ್ಮಗ ಓದಿದ. ಅರ್ಜಿದಾರರು ಸಲ್ಲಿಸಿದ ವಂಶವೃಕ್ಷದಲ್ಲಿ ಮೃತರ ಮಗಳ ಹೆಸರನ್ನು ಕೈಬಿಟ್ಟಿರುವುದು ಸ್ಥಳ ವಿಚಾರಣೆಯಲ್ಲಿ ಕಂಡುಬಂದಿದ್ದರಿಂದ ಅರ್ಜಿಯನ್ನು ಮಾನ್ಯ ಮಾಡಲು ಬರುವುದಿಲ್ಲ.

"ನಿಮಗೆ ತಂಗಿ ಇದಾರಾ ಯಜಮಾನ್ರೇ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಇದಾಳೆ ಸಾರ್. ಮದುವೆ ಮಾಡಿ ಕೊಟ್ಟಾಯ್ತಲ್ಲ, ಅದಕ್ಕೇ ಬರೆಸಿರಲಿಲ್ಲ."

ತಂದೆಯ ಆಸ್ತಿಯಲ್ಲಿ ಮಗಳಿಗೂ ಸಮಪಾಲು, ಮದುವೆ ಆಗಿದ್ದರೂ ಅಷ್ಟೇ ಅಂತ ಹೇಳಿದೆ. ಅವರ ಹೆಸರೂ ಸೇರಿಸಿ ಜಂಟಿ ಖಾತೆ ಮಾಡಿಸಬೇಕು. ಅವರೇ ಮನಸಾರೆ ಬೇಡ ಅಂದರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿಕೊಡಬೇಕು. ಎರಡಕ್ಕೂ ಮೊದಲು ಅವರನ್ನ ಕೇಳಬೇಕು.

"ಈ ಮಾತು ನಾಲ್ಕು ವರ್ಷದಲ್ಲಿ ಒಬ್ರೂ ಹೇಳ್ಲಿಲ್ಲ ಸಾರ್. ನಾಳೆ ಬಾ, ನಾಡಿದ್ದು ಬಾ ಅಂದ್ರು. ಇದು ಬರದೇ ಇದ್ದಿದ್ರೆ ಇನ್ನೂ ಜೆರಾಕ್ಸ್ ಮಾಡಿಸ್ತಾ ಇರ್ತಿದ್ದೆ" ಅಂದರು. ಮತ್ತೆ ದನಿ ತಗ್ಗಿಸಿ, "ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು ಬಂದು ಮೂರು ವರ್ಷ ಆಯ್ತು. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಬಾಗಿನ ತಗೊಂಡೇ ಹೋಗಿ, ಹಿಂಬರಹದ ಜೆರಾಕ್ಸೂ ಒಂದು ಜೇಬಲ್ಲಿರಲಿ ಅಂದೆ.